ಬಿ.ಕಾಂ. ಮೊದಲ ಸೆಮಿಸ್ಟರ್: ಇದು ಯಾರ ಪುಸ್ತಕ?

ಕೇಳುಗರಿಗೆ ನಮಸ್ಕಾರ.

ಈ ವರ್ಷ ಬಿ.ಕಾಂ.ಗೋ ಬಿಬಿಎಗೋ ಸೇರಿದವರು, ಅದರಲ್ಲೂ ಪಿಯುಸಿಯಲ್ಲಿ ವಿಜ್ಞಾನವೋ ಕಲೆಯೋ ಓದಿ ಬಂದವರು, ಮೊದಲ ತಿಂಗಳಲ್ಲೇ ಎಡವುವ ಜಾಗ ಒಂದಿದೆ: ಡೆಬಿಟ್ ಮತ್ತು ಕ್ರೆಡಿಟ್.

ಗೊಂದಲ ಶುರುವಾಗುವುದು ನಮ್ಮ ಮೊಬೈಲಿನಿಂದಲೇ. ಬ್ಯಾಂಕಿಗೆ 10,000 ರೂಪಾಯಿ ಕಟ್ಟಿದರೆ 'ನಿಮ್ಮ ಖಾತೆಗೆ ಕ್ರೆಡಿಟ್ ಆಗಿದೆ' ಎಂಬ ಸಂದೇಶ ಬರುತ್ತದೆ. ಕ್ರೆಡಿಟ್ ಅಂದರೆ ಬಂದದ್ದು ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. ತರಗತಿಯಲ್ಲಿ ಮೇಷ್ಟ್ರು 'ಬಂದದ್ದು ಡೆಬಿಟ್' ಎಂದಾಗ ತಲೆ ಕೆಡುತ್ತದೆ. ಆದರೆ ಆ ಸಂದೇಶ ಬ್ಯಾಂಕಿನ ಪುಸ್ತಕದ ಮಾತು. ನೀವು ಕಟ್ಟಿದ ಹಣ ಬ್ಯಾಂಕಿಗೆ ಸಾಲ, ಅದಕ್ಕೇ ಅವರ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಜಮಾ. ನಿಮ್ಮ ಪುಸ್ತಕದಲ್ಲಿ ಅದೇ ವ್ಯವಹಾರ ಬ್ಯಾಂಕ್ ಖಾತೆಗೆ ಡೆಬಿಟ್, ನಗದು ಖಾತೆಗೆ ಕ್ರೆಡಿಟ್. ಯಾವ ಲೆಕ್ಕ ಹಿಡಿದರೂ ಮೊದಲು ಕೇಳಿಕೊಳ್ಳಿ: ಇದು ಯಾರ ಪುಸ್ತಕ?

ಒಂದು ದಿನಸಿ ಅಂಗಡಿಯ ಪುಸ್ತಕ ಬಿಡಿಸೋಣ. ಮಂಡಿಯಿಂದ 10,000 ರೂಪಾಯಿ ಬೆಲೆಯ ಅಕ್ಕಿ ಉದ್ದರಿಗೆ ಬಂತು, ಬಿಲ್ಲಿನಲ್ಲೇ ಕಳೆದು ಕೊಡುವ ವ್ಯಾಪಾರಿ ರಿಯಾಯಿತಿ ಶೇ. 10. ಆ 1,000 ರೂಪಾಯಿ ಪುಸ್ತಕಕ್ಕೆ ಬರುವುದೇ ಇಲ್ಲ. ಖರೀದಿ ಖಾತೆ ಡೆಬಿಟ್ 9,000, ಮಂಡಿಯವರ ಖಾತೆ ಕ್ರೆಡಿಟ್ 9,000, ಅಷ್ಟೇ. ಬೇಗ ದುಡ್ಡು ಕೊಟ್ಟಿದ್ದಕ್ಕೆ ಶೇ. 2 ನಗದು ರಿಯಾಯಿತಿ ಸಿಕ್ಕಿತು ಎನ್ನಿ. ಇದನ್ನು ಬರೆಯಲೇಬೇಕು: ಮಂಡಿಯವರಿಗೆ ಡೆಬಿಟ್ 9,000, ಬ್ಯಾಂಕಿಗೆ ಕ್ರೆಡಿಟ್ 8,820, ಪಡೆದ ರಿಯಾಯಿತಿಗೆ ಕ್ರೆಡಿಟ್ 180. 180ನ್ನು ಬಿಟ್ಟರೆ ತೀರಿದ ಸಾಲ ಪುಸ್ತಕದಲ್ಲಿ ಬಾಕಿಯಾಗಿಯೇ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಅಂಕ ಸೋರಿಹೋಗುವುದು ಇಂಥಲ್ಲೇ.

ಎಲ್ಲ ಖಾತೆಗಳ ಬಾಕಿಯನ್ನು ಡೆಬಿಟ್ ಒಂದು ಬದಿ, ಕ್ರೆಡಿಟ್ ಒಂದು ಬದಿ ಬರೆದು ಕೂಡಿಸಿ ನೋಡುವ ಪಟ್ಟಿಯೇ ತಾಳೆಪಟ್ಟಿ. ಅದು ಕೂಡಲಿಲ್ಲವೆಂದು ಹಾಳೆ ಹರಿದು ಮೊದಲಿನಿಂದ ಬರೆಯಬೇಡಿ. ವ್ಯತ್ಯಾಸದ ಮೊತ್ತವೇ ಸುಳಿವು ಕೊಡುತ್ತದೆ. ಅದನ್ನು ಎರಡರಿಂದ ಭಾಗಿಸಿ. 1,200 ವ್ಯತ್ಯಾಸವಿದ್ದರೆ 600ರ ಮೊತ್ತವೊಂದು ತಪ್ಪು ಬದಿಗೆ ಹೋಗಿರಬಹುದು, ಹುಡುಕಿ. ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು: 4,560ರ ಬದಲು 4,650 ಬರೆದರೆ ಬರುವ ವ್ಯತ್ಯಾಸ 90. ಇದೆರಡೂ ಅಲ್ಲದಿದ್ದರೆ ಅಷ್ಟೇ ಮೊತ್ತದ ಬಾಕಿಯೊಂದು ಪಟ್ಟಿಗೆ ಇಳಿಯದೆ ಉಳಿದಿದೆಯೇ ನೋಡಿ, ಆಮೇಲೆ ಕೂಡಿಸಿದ್ದನ್ನು ಪರೀಕ್ಷಿಸಿ.

ಹಾಗೆಂದು ಕೂಡಿದ ತಾಳೆಪಟ್ಟಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅಂಗಡಿಗೆ 12,000 ರೂಪಾಯಿಯ ಬೀರು ತಂದು ಖರೀದಿ ಖಾತೆಗೆ ಬರೆದರೂ ಎರಡೂ ಬದಿ ಸಮವೇ. ಆದರೆ ಬೀರು ಮಾರುವ ಸರಕಲ್ಲ, ಆಸ್ತಿ. ಲಾಭ 12,000 ಕಡಿಮೆ ತೋರುತ್ತದೆ, ಆಸ್ತಿಯೂ ಅಷ್ಟೇ ಕಡಿಮೆ.

ಬೆಂಗಳೂರಿನಲ್ಲೇ ಹುಟ್ಟಿದ, ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶವನ್ನು ಮೊದಲ ತಿಂಗಳಲ್ಲೇ ಕಲಿಯಲು ಓಡುವವರಿಗೆ ಹೇಳಬೇಕಾದದ್ದೂ ಇದನ್ನೇ. ಎಫ್5 ಒತ್ತಿದರೆ ಪಾವತಿ, ಎಫ್6 ಒತ್ತಿದರೆ ಸ್ವೀಕೃತಿ, ಎಫ್7 ಒತ್ತಿದರೆ ಜರ್ನಲ್. ಎರಡು ಬದಿ ಸಮವಾಗದೆ ವೋಚರನ್ನು, ಅಂದರೆ ವ್ಯವಹಾರದ ನಮೂದನ್ನು, ಅದು ಒಪ್ಪುವುದಿಲ್ಲ. ಬೀರನ್ನು ಖರೀದಿಗೆ ಹಾಕಿದರೆ ಮಾತ್ರ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಕೂಡುವ ಕಷ್ಟ ಯಂತ್ರ ತೆಗೆದುಕೊಂಡಿದೆ, ಯಾವ ಖಾತೆ ಎಂದು ತೀರ್ಮಾನಿಸುವ ಕೆಲಸ ನಿಮಗೇ ಉಳಿದಿದೆ. ಆದ್ದರಿಂದ ಮೊದಲ ಸೆಮಿಸ್ಟರ್ ಪೂರ್ತಿ ಕೈಯಲ್ಲೇ ಬರೆಯಿರಿ. ದಿನಾಂಕ, ವಿವರ, ಖಾತೆಪುಟ, ಡೆಬಿಟ್, ಕ್ರೆಡಿಟ್: ಐದು ಅಂಕಣ ಗೆರೆ ಎಳೆದು, ಪ್ರತಿ ನಮೂದಿನ ಕೆಳಗೆ ಒಂದು ಸಾಲು ವಿವರಣೆ ಹಾಕಿ. ತರಗತಿಯ ಲೆಕ್ಕವನ್ನು ಅಂದೇ ಸಂಜೆ, ಉತ್ತರ ನೋಡದೆ, ಮತ್ತೆ ಮಾಡಿ. ಬೋರ್ಡಿನಿಂದ ನಕಲು ಮಾಡಿದ್ದು ಅರ್ಥವಾದಂತೆ ಕಾಣುತ್ತದೆ, ಮೂರನೇ ದಿನಕ್ಕೆ ಮರೆತಿರುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರು ಹೆದರಬೇಕಿಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಡ್ಜರ್ ಅಂದರೆ ಖಾತಾವಹಿ, ಟ್ರಯಲ್ ಬ್ಯಾಲೆನ್ಸ್ ಅಂದರೆ ತಾಳೆಪಟ್ಟಿ ಎಂದು ಜೋಡಿಪದಗಳನ್ನು ಬರೆಯುತ್ತಾ ಹೋಗಿ. ಉತ್ತರ ಕನ್ನಡದಲ್ಲಿ ಬರೆಯಬಹುದೇ, ಹಾಜರಾತಿ ಎಷ್ಟಿರಬೇಕು ಎಂಬುದನ್ನು ಮೊದಲ ವಾರದಲ್ಲೇ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮನೆಯ ಪಾಸ್‌ಬುಕ್ ತೆಗೆದು, ಕೊನೆಯ ಹತ್ತು ಸಾಲುಗಳನ್ನು ನಿಮ್ಮ ಪುಸ್ತಕದ ಕಡೆಯಿಂದ ಬರೆಯಿರಿ. ಅಲ್ಲಿ ಡೆಬಿಟ್ ಆಗಿರುವ ಬ್ಯಾಂಕ್ ಶುಲ್ಕ ಇಲ್ಲಿ ಶುಲ್ಕದ ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಉಳಿದ ಒಂಬತ್ತು ನಿಮ್ಮವು. ನಮಸ್ಕಾರ.