ಅಧ್ಯಕ್ಷರು ಬೇಡ ಅಂದ ಮೇಲೆ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಅಧ್ಯಕ್ಷರು ಒಂದು ಮಸೂದೆಗೆ ವೀಟೋ ಹಾಕಿದರು ಅಂತ ಸುದ್ದಿ ಬಂದರೆ, ಅಲ್ಲಿಗೆ ಅದರ ಕಥೆ ಮುಗಿಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಹೆಚ್ಚಿನ ಸಲ ಮುಗಿಯುತ್ತದೆ ಕೂಡ. 1986ರಲ್ಲಿ ಮಾತ್ರ ಹಾಗಾಗಲಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಆಗ ವರ್ಣಭೇದದ ಆಡಳಿತ. ನೆಲ್ಸನ್ ಮಂಡೇಲಾ ಜೈಲಿನಲ್ಲಿದ್ದರು. ಆ ಸರ್ಕಾರದ ಮೇಲೆ ದಿಗ್ಬಂಧನ ಹೇರುವ ಮಸೂದೆಯನ್ನು ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಪಾಸು ಮಾಡಿತು. ಅಲ್ಲಿಂದ ಕಲ್ಲಿದ್ದಲು, ಉಕ್ಕು, ಯುರೇನಿಯಂ ತರಿಸಬಾರದು. ಅಲ್ಲಿ ಹೊಸದಾಗಿ ಬಂಡವಾಳ ಹೂಡಬಾರದು. ಅಧ್ಯಕ್ಷ ರೊನಾಲ್ಡ್ ರೇಗನ್ ಒಪ್ಪಲಿಲ್ಲ. ಇದರಿಂದ ಕರಿಯ ಕಾರ್ಮಿಕರಿಗೇ ಪೆಟ್ಟು ಬೀಳುತ್ತದೆ ಎಂಬುದು ಅವರ ವಾದ. ಸೆಪ್ಟೆಂಬರ್ 26ರಂದು ವೀಟೋ ಹಾಕಿದರು.

ವೀಟೋ ಅಂದರೆ ಸುಮ್ನೆ 'ಆಗಲ್ಲ' ಅಂದುಬಿಡುವುದಲ್ಲ. ಭಾನುವಾರ ಬಿಟ್ಟು 10 ದಿನದೊಳಗೆ ತಮ್ಮ ಆಕ್ಷೇಪ ಬರೆದು, ಮಸೂದೆ ಮೊದಲು ಹುಟ್ಟಿದ ಸದನಕ್ಕೇ ವಾಪಸ್ ಕಳಿಸಬೇಕು. ಸಹಿಯೂ ಹಾಕದೆ, ವಾಪಸೂ ಕಳಿಸದೆ ಇಟ್ಟುಕೊಂಡರೆ ಅದು ತಾನಾಗಿ ಕಾನೂನಾಗುತ್ತದೆ. ಅಷ್ಟರಲ್ಲಿ ಕಾಂಗ್ರೆಸ್ ಅಧಿವೇಶನ ಮುಗಿಸಿ ಹೋಗಿದ್ದರೆ ಮಾತ್ರ ಮಸೂದೆ ಸತ್ತ ಹಾಗೆ. ಅದೇ ಪಾಕೆಟ್ ವೀಟೋ. ಇನ್ನು, ಹಿಡಿಸದ ಸಾಲನ್ನಷ್ಟೇ ಹೊಡೆದುಹಾಕಿ ಉಳಿದದ್ದಕ್ಕೆ ಸಹಿ ಹಾಕುವಂತಿಲ್ಲ. ಖರ್ಚಿನ ಬಾಬತ್ತುಗಳಲ್ಲಿ ಅಂಥ ಅಧಿಕಾರವನ್ನು 1996ರಲ್ಲಿ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ 1998ರಲ್ಲಿ ಅದನ್ನು ರದ್ದು ಮಾಡಿತು.

ವೀಟೋ ಮುರಿಯಲು ಪ್ರತಿನಿಧಿ ಸಭೆ, ಸೆನೆಟ್ ಎಂಬ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಒಂದೇ ಸದನದಲ್ಲಿ ಮೂರನೇ ಒಂದಕ್ಕಿಂತ ತುಸು ಜಾಸ್ತಿ ಜನ ಜೊತೆಗಿದ್ದರೂ ಅಧ್ಯಕ್ಷರು ಗೆದ್ದಂತೆ. ಸ್ವಂತ ಪಕ್ಷದವರು ಕೈಬಿಟ್ಟರೇ ಸಾಮಾನ್ಯವಾಗಿ ಅವರು ಸೋಲುವುದು. ರೇಗನ್‌ಗೆ ಆಗಿದ್ದೂ ಅದೇ. ಸೆನೆಟ್‌ನಲ್ಲಿ ಬಹುಮತ ಅವರ ರಿಪಬ್ಲಿಕನ್ ಪಕ್ಷದ್ದೇ. ಆದರೂ ಅದೇ ಪಕ್ಷದ ರಿಚರ್ಡ್ ಲೂಗರ್, ವಿದೇಶಾಂಗ ಸಮಿತಿಯ ಮುಖ್ಯಸ್ಥರು, ಮುಂದೆ ನಿಂತು ವೀಟೋ ವಿರುದ್ಧ ಮತ ಕೂಡಿಸಿದರು.

ಇಲ್ಲಿ ಧ್ವನಿಮತ ನಡೆಯುವುದಿಲ್ಲ. ಯಾರು ಹೌದೆಂದರು, ಯಾರು ಇಲ್ಲವೆಂದರು ಎಂದು ಹೆಸರು ಹಿಡಿದು ಬರೆದಿಡಬೇಕು. ಸಂವಿಧಾನವೇ ಹಾಗೆ ಹೇಳುತ್ತದೆ. ಈ ಇಡೀ ಏರ್ಪಾಟಿನಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ಅಧ್ಯಕ್ಷರು ಕಾರಣ ಕೊಡಬೇಕು, ಸದಸ್ಯರು ತಮ್ಮ ಹೆಸರನ್ನೇ ಪಣಕ್ಕಿಡಬೇಕು. ಪ್ರತಿನಿಧಿ ಸಭೆಯಲ್ಲಿ ಮಸೂದೆಯ ಪರ 313, ವಿರುದ್ಧ 83. ಅಕ್ಟೋಬರ್ 2ರಂದು ಸೆನೆಟ್‌ನಲ್ಲಿ ಪರ 78, ವಿರುದ್ಧ 21. ರೇಗನ್ ಸಹಿಯಿಲ್ಲದೆಯೇ ಕಾನೂನಾಯಿತು.

ದಿಗ್ಬಂಧನ ತೆಗೆಯಲು ಅದರಲ್ಲೇ ಷರತ್ತುಗಳಿದ್ದವು. ಮಂಡೇಲಾ ಬಿಡುಗಡೆಯೂ ಅವುಗಳಲ್ಲೊಂದು. 1991ರ ಜುಲೈನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅದನ್ನು ತೆರವು ಮಾಡುವ ಹೊತ್ತಿಗೆ ಮಂಡೇಲಾ ಜೈಲಿನಿಂದ ಹೊರಗಿದ್ದರು. ನಮಸ್ಕಾರ.