ಮೊದಲು ಇಳಿತ, ಆಮೇಲೆ ಏರು: ಚಿರಿಕಾವಾದ ಕಲ್ಲುಕಂಬಗಳು

ಎಲ್ಲರಿಗೂ ನಮಸ್ಕಾರ. ಅಮೆರಿಕಕ್ಕೆ ಮಕ್ಕಳು ಹೋಗಿರದ ಓಣಿ ಧಾರವಾಡದಲ್ಲಿ ಈಗ ಕಡಿಮೆ. ಅವರ ಕಡೆ ಹೋದವರು ಅರಿಜೋನಾದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ನೋಡಿ ತಿರುಗಿಬಿಡುತ್ತಾರೆ. ಟೂಸಾನ್‌ನಿಂದ ಸುಮಾರು 190 ಕಿ.ಮೀ. ಪೂರ್ವಕ್ಕೆ, ಎರಡು ಮರುಭೂಮಿ ಕೂಡುವಲ್ಲಿ ಚಿರಿಕಾವಾ ಎಂಬ ಕಲ್ಲುಕಂಬಗಳ ಗುಡ್ಡಸೀಮೆ ಇದೆ. ಅದನ್ನು ಬಿಡಬೇಡ್ರಿ.

ಬ್ಯಾಸಿಗಿಯಲ್ಲಿ ನವಲಗುಂದದ ಎರಿ ಹೊಲ ಬಿರಿಯುವುದನ್ನು ನೋಡಿದ್ದೀರಲ್ಲ? ಮಣ್ಣು ಒಣಗಿ ಕುಗ್ಗುತ್ತದೆ, ಬಿರುಕು ನೆಟ್ಟಗೆ ಕೆಳಗಿಳಿಯುತ್ತದೆ. ಚಿರಿಕಾವಾದಲ್ಲಿ ಹೀಗೆ ಕುಗ್ಗಿದ್ದು ಬೂದಿ. ಸುಮಾರು 2.7 ಕೋಟಿ ವರ್ಷಗಳ ಹಿಂದೆ ಟರ್ಕಿ ಕ್ರೀಕ್ ಜ್ವಾಲಾಮುಖಿ ಉಗುಳಿದ ಬೂದಿ ತನ್ನ ಕಾವಿಗೆ ತಾನೇ ಬೆಸೆದು ರಯೋಲೈಟ್ ಟಫ್ ಎಂಬ ಕಲ್ಲಾಯಿತು, ಆರುತ್ತ ಸೀಳಿತು. ಸೀಳಿನಲ್ಲಿ ಹೊಕ್ಕ ನೀರು ಹೆಪ್ಪುಗಟ್ಟಿ ಉಬ್ಬಿ ಅದನ್ನು ಅಗಲ ಮಾಡಿತು. ಉಳಿದದ್ದು ಕಂಬ. ಮೆತ್ತನೆ ಪದರ ಸವೆದ ಕಡೆ ಕಂಬಕ್ಕೆ ಸೊಂಟ ಬಂತು. ಬೆರಳಾಡಿಸಿದರೆ ಉಪ್ಪುಕಾಗದದಂತೆ ತರಿತರಿ, ಮೇಲೆ ಹಳದಿ-ಹಸಿರು ಕಲ್ಲುಹೂವು. ಅದನ್ನು ಕೆರೆಯಬೇಡ್ರಿ, ಕಂಬ ಹತ್ತಲೂಬೇಡ್ರಿ.

ಈಗ ಮುಖ್ಯ ಮಾತು. ಕಪ್ಪತಗುಡ್ಡದಲ್ಲಿ ತಂಪು ಹೊತ್ತಿನಲ್ಲಿ ಏರುತ್ತೇವೆ, ದಣಿದ ಮೇಲೆ ಇಳಿಯುತ್ತೇವೆ. ಚಿರಿಕಾವಾದಲ್ಲಿ ತಿರುವುಮುರುವು: ಗಾಡಿ ನಿಲ್ಲುವುದು ಮೇಲೆ, ಸುಮಾರು 2,000 ಮೀಟರ್ ಎತ್ತರದಲ್ಲಿ. ಇಳಿಯುವಾಗ ಹುರುಪು, ಬಿಸಿಲೇರಿದ ಮೇಲೆ ಹತ್ತಬೇಕು. ಆದ್ದರಿಂದ ತಳ ಮುಟ್ಟುವಾಗ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿರಬೇಕು. ದಾರಿಯಲ್ಲಿ ಹನಿ ನೀರೂ ಸಿಗುವುದಿಲ್ಲ.

ಮೊದಲ ಸಲಕ್ಕೆ ಎಕೋ ಕ್ಯಾನ್ಯನ್ ಸುತ್ತು, 5.3 ಕಿ.ಮೀ. ತಲೆಗೆ ಎರಡು ಲೀಟರ್, ಜೊತೆಗೆ ಉಪ್ಪಿನ ತಿನಿಸು. ಬೆವರಿದಾಗ ಬರೀ ನೀರು ಸಾಲದು. ಎಡಸುತ್ತಾಗಿ ನಡೆಯಿರಿ: ಮೊದಲು ಎಕೋ ಕ್ಯಾನ್ಯನ್‌ನ ಕಂಬಗಳ ಸಂದು, ತಳದಲ್ಲಿ ಸೈಪ್ರಸ್ ನೆರಳು, ಆಮೇಲೆ ಹೇಲ್‌ಸ್ಟೋನ್ ದಾರಿ. ಇಲ್ಲಿ ನೆರಳಿಲ್ಲ, ಆದರೆ ಬಂಡೆಯಲ್ಲಿ ಆಣೆಕಲ್ಲಿನಂಥ ಗುಂಡುಗಳು ಹುದುಗಿವೆ, ನಿಂತು ನೋಡಿ. ಇಳಿಜಾರಿನ ಗರಸಿನ ಮೇಲೆ ಸವೆದ ಅಟ್ಟೆ ಜಾರುತ್ತದೆ. ಹೆಜ್ಜೆ ಚಿಕ್ಕದಿರಲಿ.

ಕೊನೆಯ ಏರಿಗೆ ಎಡ್ ರಿಗ್ಸ್ ಹೆಸರು. ಎಡ್ ಮತ್ತು ಅವರ ಹೆಂಡತಿ ಲಿಲಿಯನ್ ಕಣಿವೆಯ ಬಾಯಲ್ಲೇ ಇದ್ದ ದನದ ಹಟ್ಟಿಯವರು. ಅತಿಥಿಗಳನ್ನು ಕುದುರೆ ಮೇಲೆ ಕರೆದೊಯ್ದು ಈ ಕಲ್ಲುಗಳನ್ನು ತೋರಿಸುತ್ತಿದ್ದರು. ಇದನ್ನು ಕಾಪಾಡಬೇಕು ಎಂದು ಪಟ್ಟು ಹಿಡಿದರು. 1924ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು. 1930ರ ದಶಕದಲ್ಲಿ ಸರ್ಕಾರದ ಯೋಜನೆಯ ಹುಡುಗರು ದಾರಿ ಕಡಿದಾಗ ಮುಂದೆ ನಿಂತು ಕೆಲಸ ಮಾಡಿಸಿದವರಲ್ಲಿ ಎಡ್ ಒಬ್ಬರು. ಲಿಲಿಯನ್‌ಗೆ ಮುಂದೆ ಕಣ್ಣು ಹೋಯಿತು, ಕಿವಿಯೂ ಮಂದವಾಯಿತು. ಆದರೂ ಹಟ್ಟಿ ನಡೆಸಿದರು. ಆ ಏರಿನಲ್ಲಿ ದಮ್ಮು ಹತ್ತಿದಾಗ ಅವರನ್ನು ನೆನೆಯಿರಿ. ಮತ್ತೆ ಹೇಳುತ್ತೇನೆ, ಆ ಏರಿಗೆ ನೀರು ಉಳಿಸಿಕೊಂಡಿರಿ!

ಸಮಯದ ಚೀಟಿ ಬಂತು. ಇನ್ನೂ ದೂರದ ಹಾರ್ಟ್ ಆಫ್ ರಾಕ್ಸ್ ಎಂಬ ಕಲ್ಲುಗಳ ಜಾಗ ಬೇಕೆಂದರೆ ಹೋಗಿಬರಲು ಸುಮಾರು 12 ಕಿ.ಮೀ., ನಾಲ್ಕು ಲೀಟರ್. ಜುಲೈ-ಆಗಸ್ಟ್‌ನಲ್ಲಿ ಮಧ್ಯಾಹ್ನ ಸಿಡಿಲು, ಅಷ್ಟರಲ್ಲಿ ಮೇಲೆ ಬಂದು ಗಾಡಿಯೊಳಗೆ ಕೂತಿರಬೇಕು. ಚಳಿಗಾಲದಲ್ಲಿ ನೆರಳಿನ ದಾರಿ ಹಿಮಗಟ್ಟುತ್ತದೆ. ಒಳಗೆ ಪೆಟ್ರೋಲ್ ಬಂಕ್ ಇಲ್ಲ. ಬರುವ ದಾರಿಯ ವಿಲ್‌ಕಾಕ್ಸ್ ಊರಿನಲ್ಲೇ ಟ್ಯಾಂಕ್ ತುಂಬಿಸಿ.