ಮೂರು ಸುತ್ತಿನ ಮೇಲೆ ಇನ್ನೊಂದು ಸುತ್ತು

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ ಇದ್ದರೆ ಒಂದನ್ನು ಕೈಗೆ ತೆಗೆದುಕೊಳ್ಳಿ. ನಡುವೆ ಒಂದು ಸಣ್ಣ ಸುರುಳಿ, ಅದರಿಂದ ಹೊರಟ ಎರಡು ತಂತಿ ಕಾಲುಗಳು, ಅಲ್ವಾ? ನಾನು ಇವತ್ತು ಮಾತಾಡುವುದು ಅಂಥದ್ದೇ ಒಂದು ಸ್ಪ್ರಿಂಗಿನ ಬಗ್ಗೆ. ಇದಕ್ಕಿಂತ ಸ್ವಲ್ಪ ದೊಡ್ಡದು, ಜಾಸ್ತಿ ಬಿಗಿ. ಅದು ಇರುವುದು ಹಳೆಯ ಯೆಜ್ಡಿ ಬೈಕಿನ ಹೊಟ್ಟೆಯೊಳಗೆ. ಗೇರ್ ಲಿವರನ್ನು ಒತ್ತಿ ಕಾಲು ತೆಗೆದ ಮೇಲೆ ಲಿವರನ್ನು ಮತ್ತೆ ನಡುವಿಗೆ ತಂದು ನಿಲ್ಲಿಸಬೇಕು. ಅಷ್ಟೇ ಅದರ ಕೆಲಸ. ಆ ಅಷ್ಟೇ ಕೆಲಸ ನಿಂತರೆ ಏನಾಗುತ್ತದೆ ಅನ್ನುವುದು ನನಗೆ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬರುವ ದಾರಿಯಲ್ಲಿ ಗೊತ್ತಾಯಿತು.

ಟಕ್ ಅಂತ ಒಂದು ಸದ್ದು. ಆಮೇಲೆ ಲಿವರ್ ಕೆಳಗೆ ಜೋತುಬಿತ್ತು. ಮುಂದಿನ ಗೇರಿಗೆ ಹೋಗಬೇಕಾದರೆ ಬೂಟಿನ ತುದಿಯನ್ನು ಲಿವರಿನ ಕೆಳಗೆ ತೂರಿಸಿ ಮೇಲೆತ್ತಬೇಕು, ಆಮೇಲೆ ಒತ್ತಬೇಕು. ಯೆಜ್ಡಿಯಲ್ಲಿ ಇನ್ನೂ ಒಂದು ಫಜೀತಿ ಇದೆ. ಗೇರ್ ಲಿವರ್ ಒತ್ತಿದರೆ ಒಳಗೆ ಕ್ಲಚ್ಚೂ ತಾನಾಗಿ ಬಿಡುತ್ತದೆ. ಕೈಯಲ್ಲಿ ಕ್ಲಚ್ ಹಿಡಿಯದೆಯೇ ಗೇರ್ ಹಾಕಬಹುದು, ಅದು ಆ ಗಾಡಿಯ ಹೆಮ್ಮೆ. ಆದರೆ ಲಿವರ್ ಪೂರ್ತಿ ವಾಪಸ್ ಬರದಿದ್ದರೆ ಕ್ಲಚ್ಚೂ ಪೂರ್ತಿ ಹಿಡಿಯುವುದಿಲ್ಲ. ಇಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಇನ್ನು ಇಂಜಿನ್ ಆಫ್ ಆದರೆ ಕಿಕ್ ಹೊಡೆಯಬೇಕಾದದ್ದೂ ಅದೇ ಲಿವರಿನಿಂದ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಜೋತುಬಿದ್ದ ಲಿವರಿನ ಜೊತೆ ಇದನ್ನೆಲ್ಲ ಮಾಡಿಕೊಂಡು ನಾನು ಹೇಗೋ ಮನೆ ಸೇರಿದೆ.

ಈ ಗಾಡಿಗಳು ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕು ತಯಾರಾಗುತ್ತಿತ್ತು. ಮೂಲ ವಿನ್ಯಾಸ ಆಗಿನ ಜೆಕೊಸ್ಲೊವಾಕಿಯದ ಜಾವಾದ್ದು. 1973ರಲ್ಲಿ ಯೆಜ್ಡಿ ಅನ್ನುವ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬಂದವು ನಿಜ. ಅವು ಬೇರೆಯದೇ ಫೋರ್ ಸ್ಟ್ರೋಕ್ ಇಂಜಿನ್. ಅವುಗಳ ಬಿಡಿಭಾಗ ನಮ್ಮ ಟೂ ಸ್ಟ್ರೋಕಿಗೆ ಆಗುವುದಿಲ್ಲ. ಹಾಗಾಗಿ ಹಳೆಯ ಗಾಡಿಯವರ ಪಾಡು ಏನೆಂದರೆ ಗುಜರಿ, ಸ್ನೇಹಿತರು, ಲೇತ್ ಅಂಗಡಿ. ಈ ಮೂರೇ.

ಮುರಿದ ಸ್ಪ್ರಿಂಗ್ ಕಂಪನಿಯದಲ್ಲ, ಅದನ್ನು ಹೇಳಿಬಿಡುತ್ತೇನೆ. ಮೂಲ ಸ್ಪ್ರಿಂಗ್ ಮೂವತ್ತು ವರ್ಷ ದುಡಿದು ಸತ್ತಿತ್ತು. ಅದಕ್ಕೆ ಬದಲಾಗಿ ಬಿಡಿಭಾಗದ ಅಂಗಡಿಯೊಂದರಿಂದ ತಂದು ಹಾಕಿಸಿದ್ದ ನಕಲು ಸ್ಪ್ರಿಂಗ್ ಇದು. ಬೆಳ್ಳಿಯಂತೆ ಫಳಫಳ ಹೊಳೆಯುತ್ತಿತ್ತು. ಮೂರು ತಿಂಗಳಿಗೆ ಮುರಿಯಿತು.

ಗೇರ್ ಆಯಿಲ್ ಇಳಿಸಿ, ಎಡಗಡೆಯ ಕವರ್ ಬಿಚ್ಚಿ, ಎರಡು ತುಂಡನ್ನೂ ತೆಗೆದುಕೊಂಡು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಟರ್ನರ್ ಒಂದು ಸಲ ನೋಡಿ, “ತಂತಿ ಸಣ್ಣ ಆಯ್ತು ಮೇಷ್ಟ್ರೇ. ಸ್ವಲ್ಪ ದಪ್ಪದ್ದು ಹಾಕಿ ಸುತ್ತಿಕೊಡ್ತೀನಿ, ಜನ್ಮದಲ್ಲಿ ಮುರಿಯಲ್ಲ” ಅಂದರು. ನಾನು ತಲೆಯಾಡಿಸಿದೆ. ಪಾಲಿಟೆಕ್ನಿಕ್‌ನಲ್ಲಿ ಎಷ್ಟೋ ವರ್ಷ ಸ್ಪ್ರಿಂಗಿನ ಸೂತ್ರ ಬೋರ್ಡಿನ ಮೇಲೆ ಬರೆದವನು ನಾನು! ಮನೆಗೆ ಬಂದು ಕಾಫಿ ಕುಡಿಯುವಾಗ ನೆನಪಾಯಿತು, ನಾನು ತಲೆಯಾಡಿಸಿದ್ದು ತಪ್ಪಿಗೆ ಅಂತ.

ಯಾಕೆ ತಪ್ಪು? ಸೂತ್ರ ಬೇಡ, ಕಡ್ಡಿಪೊರಕೆಯ ಒಂದು ಕಡ್ಡಿ ತೆಗೆದುಕೊಳ್ಳಿ. ಅದನ್ನು ಬಾಗಿಸಿ ಬಳೆಯಂತೆ ಮಾಡಬಹುದು, ಮುರಿಯುವುದಿಲ್ಲ. ಈಗ ಬೆರಳು ದಪ್ಪದ ಕೋಲು ತೆಗೆದುಕೊಂಡು ಅಷ್ಟೇ ಬಾಗಿಸಿ ನೋಡಿ. ಲಟ್ ಅನ್ನುತ್ತದೆ. ಕೋಲು ಕಡ್ಡಿಗಿಂತ ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡನ್ನೂ ಒಂದೇ ಸಮ ಬಾಗಿಸಿದಾಗ ದಪ್ಪದ್ದರ ಹೊರಮೈ ಜಾಸ್ತಿ ಎಳೆಯಬೇಕಾಗುತ್ತದೆ. ಗೇರ್ ಲಿವರ್ ಎಷ್ಟು ದೂರ ಹೋಗಬೇಕು ಅನ್ನುವುದನ್ನು ಗೇರ್‌ಬಾಕ್ಸ್ ತೀರ್ಮಾನ ಮಾಡಿಬಿಟ್ಟಿದೆ. ಸ್ಪ್ರಿಂಗ್ ದಪ್ಪ ಇರಲಿ, ಸಣ್ಣ ಇರಲಿ, ಅಷ್ಟು ಬಾಗಲೇಬೇಕು. ಅಲ್ಲಿ ದಪ್ಪ ತಂತಿ ಅಂದರೆ ಆ ಬೆರಳು ದಪ್ಪದ ಕೋಲೇ.

ಲೆಕ್ಕಕ್ಕೆ ಮೂಲ ತಂತಿ 2.5 ಮಿಲಿಮೀಟರ್ ಅಂತ ಇಟ್ಟುಕೊಳ್ಳೋಣ. ಅದರ ಬದಲು 3 ಮಿಲಿಮೀಟರಿನದು ಹಾಕಿದೆವು. ಸುರುಳಿಯ ಅಗಲ, ಸುತ್ತಿನ ಸಂಖ್ಯೆ ಅಷ್ಟೇ ಇದೆ. ಆಗ ಲಿವರ್ ಒತ್ತಲು ಎರಡು ಪಟ್ಟು ಬಲ ಬೇಕು. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ, ಅದಕ್ಕೆ. ಕಾಲೂ ನೋಯುತ್ತದೆ. ಅದರ ಮೇಲೆ ತಂತಿಯೊಳಗಿನ ಒತ್ತಡ ನೂರಕ್ಕೆ ಇಪ್ಪತ್ತರಷ್ಟು ಏರುತ್ತದೆ. ಮುರಿಯಬಾರದು ಅಂತ ಹಾಕಿದ ದಪ್ಪ, ಬೇಗ ಮುರಿಯುವ ಹಾಗೆ ಮಾಡುತ್ತದೆ.

ಆ ಬೆಳ್ಳಿ ಬಣ್ಣದ ಸ್ಪ್ರಿಂಗನ್ನು ವರ್ನಿಯರಿನಲ್ಲಿ ಅಳೆದೆ. ಪಕ್ಕದಲ್ಲಿ ಇನ್ನೊಬ್ಬ ಯೆಜ್ಡಿ ಗೆಳೆಯರಿಂದ ಬೇಡಿ ತಂದ ಅಸಲಿ ಸ್ಪ್ರಿಂಗ್. ನನ್ನ ಅನುಮಾನ ನಿಜ. ನಕಲಿಯದೇ ದಪ್ಪ ಜಾಸ್ತಿ. ಅಂದರೆ ಟರ್ನರ್ ಕೊಟ್ಟ ಸಲಹೆಯನ್ನು ಅದನ್ನು ಮಾಡಿದವರು ಆಗಲೇ ಪಾಲಿಸಿದ್ದರು.

ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದೆ. ಅದು ನೋಡಬೇಕಾದ ನೋಟವೇ. ಒಂದು ಅಂಚಿನಲ್ಲಿ ಅರ್ಧಚಂದ್ರದಷ್ಟು ಜಾಗ ನುಣ್ಣಗಿತ್ತು. ಹೊಳೆ ಇಳಿಯುವಾಗ ದಂಡೆಯ ಮರಳಿನ ಮೇಲೆ ಗೆರೆ ಬಿಡುತ್ತದಲ್ಲ, ಹಾಗೆ ಗೆರೆಗಳು. ಉಳಿದ ಜಾಗ ಸಕ್ಕರೆ ಹರಳಿನಂತೆ ಒರಟು. ನುಣ್ಣಗಿನ ಭಾಗದಲ್ಲಿ ಬಿರುಕು ದಿನವೂ ಒಂದಿಷ್ಟು ಮುಂದೆ ಹೋಗಿದೆ. ಒರಟು ಭಾಗ ಕೊನೆಯ ದಿನ ಒಂದೇ ಏಟಿಗೆ ಮುರಿದದ್ದು. ಇದು ಲೋಹದ ದಣಿವು. ಬಿರುಕು ಶುರುವಾದದ್ದು ಎಲ್ಲಿಂದ ಅಂದರೆ, ಸುರುಳಿಯಿಂದ ಕಾಲು ಹೊರಡುವ ಮೂಲೆಯಲ್ಲಿ. ಅಲ್ಲಿ ತಂತಿಯನ್ನು ಚೂಪಾಗಿ ಮಡಚಿದ್ದರು. ಬಟ್ಟೆ ಹರಿಯುವುದೂ ಕತ್ತರಿ ತಾಗಿದ ಕಡೆಯಿಂದಲೇ ಅಲ್ವಾ? ಇನ್ನು ಆ ಹೊಳಪು. ಇಷ್ಟು ಗಡಸು ತಂತಿಗೆ ಸತುವಿನ ಲೇಪ ಹಾಕುವಾಗ ಹೈಡ್ರೋಜನ್ ಒಳಗೆ ಸೇರಿಕೊಂಡು ತಂತಿ ಪೆಡಸಾಗುವ ಅಪಾಯ ಇದೆ. ಸದಾ ಆಯಿಲಿನಲ್ಲಿ ಮುಳುಗಿರುವ ಸ್ಪ್ರಿಂಗಿಗೆ ತುಕ್ಕಿನ ಭಯವೇ ಇಲ್ಲ. ಲೇಪ ಗಿರಾಕಿಯ ಕಣ್ಣಿಗೆ ಮಾತ್ರ.

ಸರಿ, ಹಾಗಾದರೆ ಏನು ಮಾಡುವುದು? ತಂತಿಯ ದಪ್ಪ ಮುಟ್ಟಬೇಡ, ಉದ್ದ ಜಾಸ್ತಿ ಮಾಡು. ಮೂರು ಸುತ್ತು ಇರುವಲ್ಲಿ ನಾಲ್ಕು ಸುತ್ತು. ಬಾಗುವ ಕೆಲಸ ಅಷ್ಟೇ, ಹಂಚಿಕೊಳ್ಳುವ ತಂತಿ ಜಾಸ್ತಿ. ಒತ್ತಡ ಕಾಲು ಭಾಗ ಇಳಿಯುತ್ತದೆ. ಆದರೆ ಬಿಗಿಯೂ ಕಾಲು ಭಾಗ ಇಳಿಯುತ್ತದೆ, ಪುಕ್ಕಟೆ ಏನೂ ಸಿಗುವುದಿಲ್ಲ. ಅದಕ್ಕೆ ಎರಡು ಕಾಲುಗಳನ್ನು ಇನ್ನಷ್ಟು ಹತ್ತಿರ ಬಾಗಿಸಿದೆ. ಆ ಕಾಲುಗಳು ಗಾಡಿಯೊಳಗಿನ ಒಂದು ಗೂಟದ ಎರಡು ಪಕ್ಕ ಕೂರುತ್ತವೆ, ಹಾಗೆ ಕೂರುವಾಗಲೇ ಸ್ಪ್ರಿಂಗ್ ಬಿಗಿದುಕೊಂಡಿರುತ್ತದೆ. ಇಳಿದ ಒತ್ತಡದಲ್ಲಿ ಒಂದು ಪಾಲನ್ನು ಹೀಗೆ ವಾಪಸ್ ಕೊಟ್ಟೆ. ಅದು ನನ್ನ ರಾಜಿ.

ನಾಲ್ಕನೆಯ ಸುತ್ತಿಗೆ ಒಳಗೆ ಜಾಗ ಇದೆಯಾ? ಅದಕ್ಕೆ ಚಪಾತಿ ಹಿಟ್ಟು ಸಾಕಾಯಿತು. ಒಂದು ಉಂಡೆಯನ್ನು ಸ್ಪ್ರಿಂಗಿನ ಮೇಲೆ ಇಟ್ಟು, ಕವರ್ ಮುಚ್ಚಿ, ಬೋಲ್ಟ್ ಬಿಗಿದು ಮತ್ತೆ ತೆಗೆದೆ. ಚಪ್ಪಟೆಯಾದ ಹಿಟ್ಟಿನ ದಪ್ಪವೇ ಉಳಿದ ಜಾಗ. ನನಗೆ ಬೇಕಾದಷ್ಟು ಇತ್ತು, ಸ್ವಲ್ಪ ಮಿಕ್ಕಿತು. ಸುರುಳಿ ಬಿಗಿಯಾಗುವಾಗ ಸಣ್ಣದೂ ಆಗುತ್ತದೆ, ಅದನ್ನು ಮರೆಯಬಾರದು. 20 ಮಿಲಿಮೀಟರ್ ಅಗಲದ ಮೂರು ಸುತ್ತಿನ ಸುರುಳಿ 30 ಡಿಗ್ರಿ ಬಿಗಿದರೆ ಅರ್ಧ ಮಿಲಿಮೀಟರ್ ಕುಗ್ಗುತ್ತದೆ. ಒಳಗಿನ ಶಾಫ್ಟನ್ನು ಅದು ಹಿಡಿದುಕೊಂಡರೆ ಸುತ್ತುಗಳು ಕೆಲಸ ಬಿಟ್ಟು, ಎಲ್ಲ ಭಾರ ಕಾಲಿನ ಮೂಲೆಗೇ ಬೀಳುತ್ತದೆ.

ತಂತಿ ಅಂದರೆ ಯಾವುದೋ ತಂತಿ ಅಲ್ಲ. ಅಂಗಡಿಯಲ್ಲಿ ಪಿಯಾನೋ ವೈರ್ ಅಂತ ಕೇಳಬೇಕು. ಐಎಸ್ 4454 ಅನ್ನುವ ನಮ್ಮ ದೇಶದ ಮಾನಕದಲ್ಲಿ ಪದೇ ಪದೇ ಬಾಗುವ ಕೆಲಸಕ್ಕೆ ಡಿಎಂ, ಡಿಎಚ್ ಅಂತ ದರ್ಜೆಗಳಿವೆ. ಡಿಎಚ್ ತಂತಿ ಈ ದಪ್ಪದಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 190 ಕಿಲೋ ಎಳೆತ ತಡೆಯುತ್ತದೆ. ಕಿಟಕಿ ಸರಳಿನ ಕಬ್ಬಿಣ 40 ಕಿಲೋ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ.

ಸುತ್ತುವುದನ್ನು ಟರ್ನರ್ ಅವರ ಲೇತಿನಲ್ಲೇ ಮಾಡಿದೆವು, ಮೋಟಾರ್ ಹಾಕದೆ ಕೈಯಿಂದ ಚಕ್ ತಿರುಗಿಸಿ. ಈ ತಂತಿ ಕೈತಪ್ಪಿದರೆ ಹಾವಿನಂತೆ ಹೊಡೆಯುತ್ತದೆ, ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ. ಸುತ್ತಿ ಬಿಟ್ಟ ಕೂಡಲೇ ಸುರುಳಿ ಹಿಗ್ಗುತ್ತದೆ. ಆದ್ದರಿಂದ ಬೇಕಾದ ಅಳತೆಗಿಂತ ಸಣ್ಣ ಸರಳಿನ ಮೇಲೆ ಸುತ್ತಬೇಕು. ಎಷ್ಟು ಸಣ್ಣ? ಮೂರು ಸರಳು ಬದಲಾಯಿಸಿ, ಮೂರು ಸ್ಪ್ರಿಂಗ್ ಕಸಕ್ಕೆ ಹಾಕಿದ ಮೇಲೆ ಸಿಕ್ಕಿತು.

ಆಮೇಲೆ ಬೇಯಿಸುವುದು. ಹೌದು, ಬೇಯಿಸುವುದೇ. ಸುತ್ತುವಾಗ ತಂತಿಯೊಳಗೆ ಸೇರಿಕೊಂಡ ಬಿಗುವನ್ನು ಇಳಿಸಲು 250 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಬೇಕು. ಮನೆಯ ಓವನ್ ಅಷ್ಟು ಬಿಸಿಯಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದೇ ಇಟ್ಟಿದ್ದೆ. ಆದರೂ ಅಡುಗೆಮನೆಯೆಲ್ಲ ಗ್ಯಾರೇಜಿನ ವಾಸನೆ. “ರೀ, ಇದು ಇನ್ನು ನಿಮ್ಮ ಶೆಡ್ಡಿನಲ್ಲೇ ಇರಲಿ” ಅಂತ ನಮ್ಮ ಮನೆಯವರು ಓವನ್ನನ್ನೇ ಹೊರಗೆ ಹಾಕಿದರು. ಸ್ಪ್ರಿಂಗ್ ಮಾತ್ರ ಬೆಲ್ಲದ ಬಣ್ಣಕ್ಕೆ ತಿರುಗಿ ಚೆನ್ನಾಗಿ ಬಂದಿತ್ತು. ಬೆಂದ ಮೇಲೆ ಸುರುಳಿ ಒಂದಿಷ್ಟು ಬಿಗಿದುಕೊಂಡು ಕಾಲುಗಳು ಮೂರು ನಾಲ್ಕು ಡಿಗ್ರಿ ಸರಿದಿದ್ದವು. ಲಿವರ್ ನಡುವಿಗೆ ಬರದೆ ಓರೆಯಾಗಿ ನಿಂತಿತು. ಮುಂದಿನದನ್ನು ಆ ಲೆಕ್ಕ ಹಿಡಿದೇ ಬಾಗಿಸಿದೆ.

ಬಿಗಿ ಅಳೆಯಲು ನೀರಿನ ಬಾಟಲಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಅಸಲಿ ಸ್ಪ್ರಿಂಗಿನ ಕಾಲಿಗೆ ಬಾಟಲಿ ನೇತುಹಾಕಿ, ಅದು ಗೇರ್ ಬೀಳುವಷ್ಟು ಸರಿಯುವವರೆಗೆ ನೀರು ಸುರಿದೆ. ಅಷ್ಟೇ ನೀರಿಗೆ ನನ್ನದು ಒಂದು ಕೂದಲೆಳೆ ಜಾಸ್ತಿ ಸರಿಯಿತು. ಅಷ್ಟು ಪರವಾಗಿಲ್ಲ ಅನಿಸಿತು.

ಇನ್ನು ನಿಜವಾದ ಪರೀಕ್ಷೆ. ಗುಜರಿಯಿಂದ ಕಾರಿನ ವೈಪರ್ ಮೋಟಾರ್ ತಂದೆ. ನಿಮಿಷಕ್ಕೆ 45 ಸುತ್ತು. ಅದಕ್ಕೊಂದು ತೋಳು, ತೋಳಿನ ತುದಿಯಿಂದ ಸ್ಪ್ರಿಂಗಿನ ಕಾಲಿಗೆ ಒಂದು ಕಡ್ಡಿ. ಗಾಡಿಯಲ್ಲಿ ಬಾಗುವುದಕ್ಕಿಂತ ಒಂದು ಚೂರು ಜಾಸ್ತಿಯೇ ಬಾಗುವಂತೆ ಇಟ್ಟೆ. ಎಣಿಸುವವರು ಯಾರು? ಹಳೆಯ ಕ್ಯಾಲ್ಕುಲೇಟರ್. ಒಂದು ಕೂಡಿಸು ಒಂದು ಅಂತ ಒತ್ತಿ, ಆಮೇಲೆ ಸಮಚಿಹ್ನೆ ಒತ್ತಿದಷ್ಟು ಸಲ ಅದು ಒಂದೊಂದೇ ಏರಿಸುತ್ತದೆ. ಆ ಗುಂಡಿಯ ಎರಡು ತುದಿಗೆ ವೈರ್ ಬೆಸೆದು, ಆಯಸ್ಕಾಂತ ಹತ್ತಿರ ಬಂದಾಗ ಕೂಡುವ ಸಣ್ಣ ರೀಡ್ ಸ್ವಿಚ್ ಹಾಕಿದೆ. ತೋಳಿಗೆ ಆಯಸ್ಕಾಂತ ಅಂಟಿಸಿದೆ. ಗಂಟೆಗೆ 2,700. ದಿನಕ್ಕೆ ಎಂಟು ಗಂಟೆ ಮಾತ್ರ, ರಾತ್ರಿ ಅಕ್ಕಪಕ್ಕದವರು ಮಲಗಬೇಕಲ್ಲ.

ಮೊದಲನೆಯದು ಎರಡನೆಯ ದಿನ ಮಧ್ಯಾಹ್ನ ಮುರಿಯಿತು. ಕ್ಯಾಲ್ಕುಲೇಟರಿನಲ್ಲಿ 38 ಸಾವಿರ ಚಿಲ್ಲರೆ. ಎದೆ ಧಸಕ್ ಅಂದಿತು. ಲೆಕ್ಕ ತಪ್ಪಿತಾ? ಭೂತಗನ್ನಡಿ ಹಿಡಿದು ನೋಡಿದರೆ, ಬಿರುಕು ಹುಟ್ಟಿದ ಕಡೆ ಒಂದು ಸಣ್ಣ ಗೀರು. ಕಾಲು ಬಾಗಿಸುವಾಗ ನಾನೇ ಇಕ್ಕಳದ ಹಲ್ಲು ಊರಿದ ಜಾಗ. ಲೆಕ್ಕ ಸರಿಯಿತ್ತು, ಕೈ ಸರಿಯಿರಲಿಲ್ಲ. ಆಮೇಲೆ ಇಕ್ಕಳ ಬಿಟ್ಟೆ. ಒಂದು ಕಬ್ಬಿಣದ ಹಲಗೆಗೆ ಎರಡು ನುಣುಪು ಗೂಟ ಹೊಡೆದು, ಅದರ ಸುತ್ತ ತಂತಿಯನ್ನು ಮೆಲ್ಲಗೆ ಬಾಗಿಸಿದೆ. ಮೂಲೆಯ ಬಾಗಿನ ತ್ರಿಜ್ಯ ತಂತಿಯ ದಪ್ಪಕ್ಕಿಂತ ಕಡಿಮೆ ಇರಬಾರದು ಅಂತ ಗೂಟದ ಅಳತೆ ಆರಿಸಿದ್ದೆ. ಎಮರಿ ಪೇಪರಿನಲ್ಲಿ ಉದ್ದಕ್ಕೆ, ನೆನಪಿಡಿ, ಅಡ್ಡಕ್ಕಲ್ಲ, ಉದ್ದಕ್ಕೆ ಉಜ್ಜಿದೆ.

ಇದು ಓಡಿತು. ಒಂದು ವಾರ, ಎರಡು ವಾರ. ಒಂದು ಲಕ್ಷ, ಮೂರು ಲಕ್ಷ. ಟರ್ನರ್ ದಿನವೂ ಫೋನ್ ಮಾಡಿ “ಇದ್ಯಾ ಮೇಷ್ಟ್ರೇ?” ಅಂತ ಕೇಳುತ್ತಿದ್ದರು, ಆಸ್ಪತ್ರೆಯಲ್ಲಿರುವ ನೆಂಟರನ್ನು ವಿಚಾರಿಸುವ ಹಾಗೆ. ಉಕ್ಕು ಹತ್ತು ಲಕ್ಷದ ಆಚೆ ದಾಟಿತು ಅಂದರೆ ಸಾಮಾನ್ಯವಾಗಿ ಆ ಒತ್ತಡಕ್ಕೆ ದಣಿಯುವುದಿಲ್ಲ ಅಂತ ಲೆಕ್ಕ. ಅಲ್ಲಿವರೆಗೆ ಓಡಿಸುವ ಆಸೆಯಿತ್ತು. ಆದರೆ 28ನೆಯ ದಿನ ಯಂತ್ರದ ಟಕ್ ಟಕ್ ಸದ್ದು ನಿಂತಿತು. ಓಡಿ ಹೋಗಿ ನೋಡಿದರೆ ಸ್ಪ್ರಿಂಗ್ ಗಟ್ಟಿಯಾಗಿದೆ, ವೈಪರ್ ಮೋಟಾರಿನ ಒಳಗಿನ ಪ್ಲಾಸ್ಟಿಕ್ ಗೇರು ಸವೆದುಹೋಗಿತ್ತು. ಆರು ಲಕ್ಷ ದಾಟಿತ್ತು. ಊರೊಳಗೆ ದಿನಕ್ಕೆ 150 ಸಲ ಗೇರ್ ಬದಲಿಸಿ, ವರ್ಷಕ್ಕೆ 300 ದಿನ ಗಾಡಿ ಓಡಿಸಿದರೆ ಅದು 13 ವರ್ಷದ ದುಡಿಮೆ. ನನ್ನ ವಯಸ್ಸಿಗೆ ಅಷ್ಟು ಸಾಕು.

ಕೊನೆಗೆ ಟರ್ನರಿಗೂ ನನಗೂ ಒಂದು ಜಗಳ. ಗಾಡಿಗೆ ಯಾವುದನ್ನು ಹಾಕುವುದು? “ಆರು ಲಕ್ಷ ಪಾಸಾಗಿದೆಯಲ್ಲ, ಅದನ್ನೇ ಹಾಕಿ” ಅಂತ ಅವರು. ನಾನು ಅದೇ ತಂತಿಯಿಂದ, ಅದೇ ಸರಳಿನ ಮೇಲೆ, ಅದೇ ದಿನ ಸುತ್ತಿ ಬೇಯಿಸಿದ್ದ ಇನ್ನೊಂದನ್ನು ಹಾಕಿದೆ. ಪರೀಕ್ಷೆಯಲ್ಲಿ ದುಡಿದದ್ದರ ಆಯಸ್ಸಿನಲ್ಲಿ ಆರು ಲಕ್ಷ ಖರ್ಚಾಗಿದೆ, ಎಷ್ಟು ಉಳಿದಿದೆಯೋ ಯಾರಿಗೆ ಗೊತ್ತು? ಅವರಿಗೆ ಇನ್ನೂ ಒಪ್ಪಿಗೆ ಇಲ್ಲ. ಮುಂದಿನ ಸಲ ಗೇರ್ ಆಯಿಲ್ ಇಳಿಸುವಾಗ ಕವರ್ ಬಿಚ್ಚಿ ಇಬ್ಬರೂ ಕೂತು ನೋಡೋಣ ಅಂತ ಮಾತಾಗಿದೆ. ಪರೀಕ್ಷೆಯಾದದ್ದು ಈಗ ಅವರ ಲೇತಿನ ಮೇಲಿನ ಮೊಳೆಯಲ್ಲಿ ನೇತಾಡುತ್ತಿದೆ.

ನಮಸ್ಕಾರ.